‘ಡೆಲ್ಲಿ ಕನಕಾಂಬರ’ ಅಂತ ಹೇಳಿ ನಾಟಿ ತಳಿಯ ಸಸಿ ಕೊಡುತ್ತಾರೆ, ಬುಡ ನೋಡಿ ಕೊಳ್ಳಿ

ಮಳೆ ಶುರುವಾದರೆ ಸಾಕು, ಕನಕಾಂಬರ ಸಸಿಗಳ ಮಾರಾಟ ಜೋರು. ‘ಡೆಲ್ಲಿ’ ತಳಿ ಅಂತ ಹೇಳಿ ಕೊಡುವುದನ್ನು ದಯವಿಟ್ಟು ಕಣ್ಮುಚ್ಚಿ ತಗೊಳ್ಳಬೇಡಿ. ನಮ್ಮ ಹತ್ತಿರ ಜಾಸ್ತಿ ದುಡ್ಡು ಇಸ್ಕೊಂಡು ನಾಟಿ ಸಸಿಯನ್ನೇ ಕೊಟ್ಟರು. ಗೊತ್ತಾಗುವ ಹೊತ್ತಿಗೆ ಒಂದು ಹಂಗಾಮು ಪೂರ್ತಿ ಹೋಗಿತ್ತು. ಹೂ ಕಟ್ಟಿ ಮಾರಿ ಬದುಕುವವರಿಗೆ ಹೀಗಾದರೆ ಗತಿ ಏನು?

ಕನಕಾಂಬರ ನಮ್ಮದೇ ಗಿಡ. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ನಾಟಿ ಕೇಸರಿ, ಹಳದಿ ತಳಿಗಳು ಬೀಜದಿಂದ ಬರುತ್ತವೆ. ಡೆಲ್ಲಿ ಹಾಗಲ್ಲ. ಅದು ಟ್ರಿಪ್ಲಾಯ್ಡ್, ಅಂದರೆ ಅದರಲ್ಲಿ ವರ್ಣತಂತುಗಳ ಮೂರು ಸೆಟ್ ಇರುತ್ತವೆ. ನಾವು ತಿನ್ನುವ ಬಾಳೆಯ ಥರಾನೇ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಹಾಗಾಗಿ ‘ಡೆಲ್ಲಿ ಕನಕಾಂಬರದ ಬೀಜ’ ಅಂತ ಪ್ಯಾಕೆಟ್ ಮಾರಿದರೆ ಅದು ಶುದ್ಧ ಸುಳ್ಳು.

ಡೆಲ್ಲಿ ಹೂವಿನ ಬಣ್ಣ ಗಾಢ. ನಮ್ಮ ಗಿಡದ್ದು ತೆಳುವಾಗಿತ್ತು. ಬರೀ ಬಣ್ಣ ನೋಡಿ ಹೇಳುವುದು ಕಷ್ಟ, ಅಲ್ವಾ? ಖಾತ್ರಿಯಾಗಿದ್ದು ತೆನೆ ಒಣಗಿದ ಮೇಲೆ. ಹೊದಿಕೆ ಬಿಡಿಸಿದರೆ ಒಳಗೆ ಕಂದು ಬಣ್ಣದ ಉದ್ದನೆಯ ಕಾಯಿ. ನೀರು ಚಿಮುಕಿಸಿದ್ದೇ ತಡ, ಚಟ್ ಅಂತ ಸಿಡಿದು ಬೀಜ ಹಾರಿತು. ನಿಜವಾದ ಡೆಲ್ಲಿ ಗಿಡ ಹೀಗೆ ಬೀಜ ಉದುರಿಸುವುದಿಲ್ಲ.

ಅಲ್ಲಿವರೆಗೆ ಕಾಯಬೇಕಾಗಿಲ್ಲ. ಸಸಿ ಕೊಳ್ಳುವಾಗ ಬುಡದ ಮಣ್ಣು ಸ್ವಲ್ಪ ಸರಿಸಿ. ಕಡ್ಡಿಯಿಂದ ಬಂದಿದ್ದರೆ ಮೊಂಡಾಗಿ ಕತ್ತರಿಸಿದ ತುಂಡು ಕಾಣುತ್ತದೆ. ಅದರ ತುದಿಯಿಂದ ಸುತ್ತಲೂ ಬೇರು ಬಿಟ್ಟಿರುತ್ತವೆ, ಚಿಗುರು ಪಕ್ಕದ ಗೆಣ್ಣಿನಿಂದ ಬಂದಿರುತ್ತದೆ. ಬೀಜದ ಸಸಿಯಾದರೆ ಕಾಂಡ ನೆಟ್ಟಗೆ ಇಳಿದು ತಾಯಿಬೇರಾಗುತ್ತದೆ.

ಬೇರನ್ನೂ ನೋಡಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಬೇರಿಗೆ ಗಂಟು ಕಟ್ಟಿಸುವ ಮಣ್ಣಿನ ಜಂತುಹುಳದ (ನೆಮಟೋಡ್) ಕಾಟ. ಕನಕಾಂಬರಕ್ಕೆ ಇದು ದೊಡ್ಡ ಶತ್ರು. ಒಂದು ಸಸಿ ತಂದರೂ ಪಾತಿಯ ಮಣ್ಣಿಗೆಲ್ಲ ಹಬ್ಬುತ್ತದೆ. ನಮ್ಮ ಸಸಿಗಳಲ್ಲಿ ಕೆಲವಕ್ಕೆ ಇದೂ ಇತ್ತು. ಅವನ್ನು ಬೇರು ಸಮೇತ ಕಿತ್ತು ಸುಟ್ಟು, ಆ ಜಾಗಕ್ಕೆ ಈಗ ಚೆಂಡು ಹೂ ಹಾಕಿದ್ದೇವೆ. ಚೆಂಡು ಹೂವಿನ ಬೇರು ಈ ಹುಳಗಳನ್ನು ಹತೋಟಿಗೆ ತರುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ ಅನ್ನುವ ತಳಿಗಳನ್ನು ಬಿಡುಗಡೆ ಮಾಡಿದೆ. ಆ ಹೆಸರು ಹೇಳಿ ಯಾರಾದರೂ ಮಾರಿದರೆ ಎಲ್ಲಿಂದ ತಂದಿದ್ದು ಅಂತ ಕೇಳಿ, ರಸೀದಿಯಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ. ಬುಡ ತೋರಿಸಲು ಒಪ್ಪದವರ ಹತ್ತಿರ ಸುಮ್ನೆ ಚೌಕಾಸಿಗೂ ನಿಲ್ಲಬೇಡಿ.