ಒಂದೇ ಹಳೇ ಸಾಹಸ, ಮೂರು ಪ್ರತಿ: ನನಗೆ ಒಗ್ಗಿದ್ದು ಜೆರಾಕ್ಸ್ ಅಂಗಡಿಯದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಕತೆ ಕಟ್ಟುವ ಆಟ. ಅದರಲ್ಲಿ ಆಡಿಸಲು ಬರೆದ ಕತೆಯ ಪುಸ್ತಕಕ್ಕೆ ಸಾಹಸ ಅಥವಾ ಮಾಡ್ಯೂಲ್ ಅನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದು ಅಂಥ ಒಂದು ಹಳೇ ಸಾಹಸದ ಪಿಡಿಎಫ್ ಕೊಂಡು, ಸರಸ್ವತಿಪುರಂನ ನಮ್ಮ ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪ್ರತಿ. ಇದಕ್ಕೆ ಮುಂಚೆ ಇದೇ ಸಾಹಸಕ್ಕೆ ಎರಡು ಸಲ ದುಡ್ಡು ಹಾಕಿದ್ದೆ. ಹಳೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾಡ್ಯೂಲ್ ಆಡಿಸಬೇಕು ಅಂತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಸಾಹಸದ ಹೆಸರು ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್. ಆಡುವವರ ಬಾಯಲ್ಲಿ ಬರೀ ‘ಬಿ2’. ಗ್ಯಾರಿ ಗೈಗ್ಯಾಕ್ಸ್ ಬರೆದದ್ದು, ಟಿಎಸ್‌ಆರ್ ಕಂಪನಿ 1979-80ರ ಹೊತ್ತಿಗೆ ತಂದದ್ದು. ಆಗ ಹೊಸಬರಿಗಾಗಿ ಇದ್ದ ಬೇಸಿಕ್ ಸೆಟ್ ಪೆಟ್ಟಿಗೆ ಕೊಂಡರೆ ಇದೂ ಒಳಗೇ ಸಿಗುತ್ತಿತ್ತು, ಹಾಗಾಗಿ ಎಷ್ಟೋ ಜನ ಆಡಿದ ಮೊದಲ ಸಾಹಸ ಇದೇ. ಗಡಿಯಲ್ಲಿ ಒಂದು ಕೋಟೆ, ಸ್ವಲ್ಪ ದೂರದಲ್ಲಿ ಒಂದು ಕಣಿವೆ, ಆ ಕಣಿವೆಯ ಎರಡೂ ಬದಿಗೆ ರಾಕ್ಷಸರ ಗುಹೆಗಳು. ಅಷ್ಟೇ ಕತೆ. ಉಳಿದದ್ದನ್ನು ಆಡುವವರು ಕಟ್ಟಿಕೊಳ್ಳಬೇಕು, ನನಗೆ ಹಿಡಿಸಿದ್ದೂ ಅದೇ.

ನಾನು ಮೊದಲು ತರಿಸಿದ್ದು ಪ್ರಿಂಟ್ ಆನ್ ಡಿಮ್ಯಾಂಡ್ ಪ್ರತಿ. ಅಂದರೆ ನಾವು ಆರ್ಡರ್ ಕೊಟ್ಟ ಮೇಲೆ ಹಳೇ ಮಾಡ್ಯೂಲಿನ ಸ್ಕ್ಯಾನ್ ಇಟ್ಟುಕೊಂಡು ಒಂದೇ ಒಂದು ಪುಸ್ತಕ ಅಚ್ಚು ಹಾಕಿ ಕಳಿಸುತ್ತಾರೆ. ಪುಸ್ತಕದ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ ಆಯಿತು, ಕೈ ಸೇರಲು ಐದು ವಾರ ಹಿಡಿಯಿತು. ಅದಕ್ಕೆ ನನಗೇನೂ ಬೇಜಾರಿಲ್ಲ. ಕಾಗದ ಚೆನ್ನಾಗಿತ್ತು, ಮುಖಪುಟದ ಬಣ್ಣ ನೋಡಿ ಖುಷಿಯೂ ಆಯಿತು. ತೊಂದರೆ ಆದದ್ದು ನಕ್ಷೆಯಿಂದ.

1980ರ ಆಸುಪಾಸಿನ ಟಿಎಸ್‌ಆರ್ ಮಾಡ್ಯೂಲುಗಳಲ್ಲಿ ರಟ್ಟಿನ ಹೊದಿಕೆಯನ್ನು ಪುಸ್ತಕಕ್ಕೆ ಪಿನ್ ಹೊಡೆಯುತ್ತಿರಲಿಲ್ಲ. ಅದು ಬಿಡಿಯಾಗಿ ಕೈಗೆ ಬರುತ್ತಿತ್ತು. ಅದರ ಒಳಮೈಯಲ್ಲಿ ತಿಳಿ ನೀಲಿ ಬಣ್ಣದ ನಕ್ಷೆ. ಆಟ ಆಡಿಸುವ ಡಿಎಂ (ಡಂಜನ್ ಮಾಸ್ಟರ್) ಆ ಹೊದಿಕೆಯನ್ನು ತನ್ನ ಮುಂದೆ ನಿಲ್ಲಿಸಿಕೊಂಡರೆ ನಕ್ಷೆ ಸದಾ ಕಣ್ಣೆದುರು ಇರುತ್ತದೆ, ಎದುರು ಕೂತವರಿಗೆ ಮುಖಪುಟದ ಚಿತ್ರ ಮಾತ್ರ ಕಾಣುತ್ತದೆ. ಪುಸ್ತಕ ತೊಡೆಯ ಮೇಲೆ. ಎಷ್ಟು ಸರಳ, ಎಷ್ಟು ಅನುಕೂಲ ಅಲ್ವಾ? ನನ್ನ ಕೈಗೆ ಬಂದ ಪ್ರತಿಯಲ್ಲಿ ಆ ನಕ್ಷೆಗಳು ಉಳಿದ ಪುಟಗಳ ಜೊತೆಗೇ ಗೋಂದಿನಲ್ಲಿ ಅಂಟಿಕೊಂಡಿದ್ದವು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಿ2 ಹೇಗೆ ಬರೆದಿದೆ ನೋಡಿ. ಗುಹೆಗಳಿಗೆ ಎ ಇಂದ ಕೆ ತನಕ ಅಕ್ಷರ, ಒಳಗಿನ ಜಾಗಗಳಿಗೆ 1ರಿಂದ 64ರವರೆಗೆ ಒಂದೇ ಸಾಲಿನ ನಂಬರು. ವಿವರಗಳು ಆ ನಂಬರಿನ ಪ್ರಕಾರ ಸಾಗುತ್ತವೆ, ಗುಹೆಗಳು ಮಾತ್ರ ಒಂದರ ಪಕ್ಕ ಒಂದು ಹೆಣೆದುಕೊಂಡಿವೆ. 17ರಲ್ಲಿ ಗಾಬ್ಲಿನ್ (ಕುಳ್ಳ ರಾಕ್ಷಸ) ಕಾವಲುಗಾರರು. ಅಲ್ಲಿ ಹೊಡೆದಾಟ ಶುರುವಾದರೆ ಗಾಬ್ಲಿನ್‌ಗಳು ಗುಟ್ಟಿನ ಬಾಗಿಲು ತೆಗೆದು, 250 ಚಿನ್ನದ ನಾಣ್ಯಗಳ ಚೀಲವನ್ನು ಪಕ್ಕದ ಗುಹೆಯ ಓಗ್ರ್‌ಗೆ (ದೈತ್ಯ ರಾಕ್ಷಸ) ಎಸೆದು ಸಹಾಯಕ್ಕೆ ಕರೆಯುತ್ತವೆ. ಆ ಓಗ್ರ್ ಇರುವುದು 22ರಲ್ಲಿ, ಅದರ ವಿವರ ಬೇರೆ ಕಡೆ. ಅಂದರೆ 17 ಓದುವಾಗ 22 ಎಲ್ಲಿದೆ, ನಡುವೆ ಗೋಡೆ ಎಲ್ಲಿದೆ ಅಂತ ನಕ್ಷೆಯಲ್ಲಿ ಕಾಣುತ್ತಿರಬೇಕು. ಎರಡೂ ಒಟ್ಟಿಗೆ ಕಣ್ಣಿಗೆ ಬೀಳದಿದ್ದರೆ ಈ ಸಾಹಸ ಓಡುವುದಿಲ್ಲ.

ನಮ್ಮ ಮೊದಲ ಭಾನುವಾರ ನಾನು 17ರ ಪುಟದಲ್ಲಿ ಒಂದು ಬೆರಳು, ನಕ್ಷೆಯ ಪುಟದಲ್ಲಿ ಇನ್ನೊಂದು ಬೆರಳು ಇಟ್ಟುಕೊಂಡು ಆಡಿಸಿದೆ. ಡೈಸ್ ಹಾಕಲು ಕೈಯೇ ಖಾಲಿ ಇರಲಿಲ್ಲ. ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುವುದಿಲ್ಲ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಜೋರಾಗಿ ಒತ್ತಿದ್ದಕ್ಕೆ ಬೆನ್ನಿನ ಗೋಂದು ‘ಟಕ್’ ಅಂತ ಬಿಟ್ಟಿತು. ನೀಲಿ ಗೆರೆಗಳು ಸ್ಕ್ಯಾನ್‌ನಲ್ಲಿ ಇನ್ನೂ ಮಾಸಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ 22 ಹೌದೋ 27 ಹೌದೋ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಓಗ್ರ್ ಬರಲೇ ಇಲ್ಲ. ಗಾಬ್ಲಿನ್‌ಗಳು ಸುಮ್ನೆ ಸತ್ತವು. ನನ್ನ ತಂಗಿ ಅವತ್ತು ಥೀಫ್, ಅಂದರೆ ಕಳ್ಳನ ಪಾತ್ರ ಆಡಿದ್ದಳು. ಆಮೇಲೆ ಊಟಕ್ಕೆ ಕೂತಾಗ ಆ ಚೀಲದ ವಿಷಯ ಹೇಳಿದೆ. ಅವಳ ಮುಖ ನೋಡಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಇಡೀ ಗುಹೆಯಲ್ಲಿ ಅತ್ಯಂತ ಮಜಾ ಇರುವ ಗಳಿಗೆ ಅದು, ಪುಟ ತಿರುವುವುದರಲ್ಲಿ ಕಳೆದುಹೋಯಿತು.

ಎರಡನೆಯದು ಗುಡ್‌ಮನ್ ಗೇಮ್ಸ್ ಅನ್ನುವ ಪ್ರಕಾಶಕರು 2018ರಲ್ಲಿ ತಂದ ಇನ್‌ಟು ದಿ ಬಾರ್ಡರ್‌ಲ್ಯಾಂಡ್ಸ್. ಡೆಟ್ರಾಯಿಟ್‌ನಿಂದ ರಜೆಗೆ ಬಂದ ಭಾವ ತಂದುಕೊಟ್ಟರು, ದುಡ್ಡು ನಾನೇ ಕೊಟ್ಟೆ. ಪುಸ್ತಕಕ್ಕೇ 50 ಡಾಲರ್. ಗಟ್ಟಿ ರಟ್ಟು, 300ಕ್ಕೂ ಜಾಸ್ತಿ ಪುಟ. ಬಿ2 ಜೊತೆಗೆ ಅದೇ ಸಾಲಿನ ಹಿಂದಿನ ಸಾಹಸ, ಮೈಕ್ ಕಾರ್ ಬರೆದ ಬಿ1 ಕೂಡ ಇದೆ. ಎರಡರದ್ದೂ ಹಳೇ ಮುದ್ರಣಗಳ ಸ್ಕ್ಯಾನ್ ಹಾಕಿ, ಆಮೇಲೆ ಆಟದ ಐದನೇ ಆವೃತ್ತಿಯ ನಿಯಮಕ್ಕೆ ಹೊಂದಿಸಿ ಪೂರ್ತಿ ಮರುಬರವಣಿಗೆ ಮಾಡಿದ್ದಾರೆ. ಬೇರೆ ಬೇರೆ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಅಂತ ನೋಡುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ. ಮರುಮುದ್ರಣ ಅಂದರೆ ಇಷ್ಟು ಪ್ರೀತಿಯಿಂದ ಮಾಡಬೇಕು. ಇದನ್ನು ನಾನು ಯಾರಿಗೂ ಕೊಡುವುದಿಲ್ಲ.

ಆದರೆ ಆಡಿಸಲು ತೆಗೆಯುವುದೂ ಇಲ್ಲ. ಇದು ನನ್ನ ಅಭ್ಯಾಸದ ಮಾತು. ನಾನು ಪುಸ್ತಕದ ಮೇಲೆ ಬರೆಯುವವನು. ಮೂಲ ಬಿ2ನಲ್ಲಿ ಕೋಟೆಯ ಜನಕ್ಕೆ ಹೆಸರೇ ಇಲ್ಲ. ಕೋಟೆಯ ಅಧಿಕಾರಿ, ಪೂಜಾರಿ, ಕಮ್ಮಾರ ಅಂತ ಬರೀ ಕೆಲಸದ ಹೆಸರು. ಹೆಸರು ಇಡುವುದು ಡಿಎಂ ಕೆಲಸ. ನಮ್ಮ ಕೋಟೆಯ ಕಮ್ಮಾರ ಕಾಳಪ್ಪ, ಹೋಟೆಲ್ ನಡೆಸುವವಳು ಗಂಗಕ್ಕ. ಯಾರು ಯಾರಿಗೆ ಎಷ್ಟು ಬಾಕಿ ಕೊಡಬೇಕು ಅನ್ನುವುದನ್ನೂ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಆ ಚೆಂದದ ಹಾರ್ಡ್‌ಕವರ್ ಮೇಲೆ ಪೆನ್ಸಿಲ್ ಇಡಲು ನನಗೆ ಮನಸ್ಸು ಬರಲಿಲ್ಲ.

ಇದೇ ಬಿ2 ಆಧರಿಸಿ 2025ರಲ್ಲಿ ಬಂದ ಹೀರೋಸ್ ಆಫ್ ದಿ ಬಾರ್ಡರ್‌ಲ್ಯಾಂಡ್ಸ್ ಪೆಟ್ಟಿಗೆಯನ್ನು ಸ್ನೇಹಿತನ ಮನೆಯಲ್ಲಿ ಒಂದು ಸಂಜೆ ಆಡಿದೆ. ನಕ್ಷೆ ಬೇರೆ, ಕಾರ್ಡು, ಟೋಕನ್ನು ಎಲ್ಲ ಇದೆ. ಆಟವೇ ಹೊಸದು ಅನ್ನುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನನಗೆ ಬೇಕಿದ್ದದ್ದು ಹಳೇ ಬರವಣಿಗೆ.

ಈಗ ನನ್ನ ಪ್ರತಿ. ಪಿಡಿಎಫ್‌ಗೆ 5 ಡಾಲರ್. ಒಳಪುಟಗಳನ್ನು ಎ4 ಹಾಳೆಯ ಎರಡೂ ಬದಿಗೆ ಕಪ್ಪು ಬಿಳುಪಿನಲ್ಲಿ ಹಾಕಿಸಿದೆ. ಗುಹೆಗಳ ನಕ್ಷೆ ಮಾತ್ರ ಎ3 ದಪ್ಪ ಹಾಳೆಯಲ್ಲಿ, ಬಿಡಿಯಾಗಿ. ಅದಕ್ಕೆ ಮುಂಚೆ ಮೊಬೈಲಿನಲ್ಲೇ ನೀಲಿಯನ್ನು ಕಪ್ಪು ಮಾಡಿ ಕಾಂಟ್ರಾಸ್ಟ್ ಏರಿಸಿದ್ದೆ, ಆ ಒಂದು ಹೆಜ್ಜೆ ಬಿಡಬೇಡಿ. ಅಂಗಡಿಯವರು ನಕ್ಷೆಯನ್ನೂ ಬೈಂಡಿಂಗ್ ಒಳಗೆ ಸೇರಿಸಲು ಹೊರಟಿದ್ದರು, “ಅಣ್ಣ, ಅದೊಂದು ಬೇರೆ ಇರಲಿ” ಅಂತ ತಡೆದೆ. ಎಲ್ಲ ಸೇರಿ 600 ರೂಪಾಯಿ ಒಳಗೆ ಮುಗಿಯಿತು. ಎ3 ಹಾಳೆಯನ್ನು ನಡುವೆ ಮಡಿಸಿ ನಿಲ್ಲಿಸಿದರೆ ಹಳೇ ಹೊದಿಕೆ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. ಸ್ಪೈರಲ್ ಪುಸ್ತಕ ಹಿಂದಕ್ಕೆ ಮಡಚಿದರೆ ಒಂದು ಕೈ ಪೂರ್ತಿ ಖಾಲಿ.

ಫೈಲನ್ನು ಮಾತ್ರ ಎರಡು ಕಡೆ ಇಳಿಸಿಟ್ಟುಕೊಳ್ಳಿ. 2009ರ ಏಪ್ರಿಲ್‌ನಲ್ಲಿ, ಟಿಎಸ್‌ಆರ್ ನಂತರ ಈ ಆಟ ತರುತ್ತಿರುವ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ತನ್ನ ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿತ್ತು, ಹಳೇ ಮಾಡ್ಯೂಲುಗಳು ಮತ್ತೆ ಸಿಕ್ಕಿದ್ದು 2013ರಲ್ಲಿ.

ಕೈಯಲ್ಲಿ ದುಡ್ಡಿದ್ದು, ಓದಲು ಮತ್ತು ಕಪಾಟಿನಲ್ಲಿ ಇಡಲು ಬೇಕು ಅಂದರೆ ಗುಡ್‌ಮನ್ ಪುಸ್ತಕ. ಪ್ರತಿ ವಾರ ಆಡಿಸುವವರಿಗೆ ಜೆರಾಕ್ಸ್. ಗೋಂದಿನ ಪ್ರತಿಯನ್ನು ನಾನಂತೂ ಇನ್ನೊಮ್ಮೆ ತರಿಸುವುದಿಲ್ಲ.

ಹೊಸ ಗುಂಪಿನ ಜೊತೆ ಕಳೆದ ತಿಂಗಳು ಅದೇ 17ಕ್ಕೆ ಮತ್ತೆ ಬಂದೆವು. ಈ ಸಲ ಚೀಲ ಹಾರಿತು, ಓಗ್ರ್ ಬಂತು, ಇಬ್ಬರು ಸತ್ತರು, ಮೂವರು ಓಡಿ ಗಂಗಕ್ಕನ ಹೋಟೆಲ್ ಸೇರಿದರು. ಮುಂದಿನ ಸರದಿ ಐಲ್ ಆಫ್ ಡ್ರೆಡ್ ಅನ್ನುವ ಇನ್ನೊಂದು ಹಳೇ ಸಾಹಸ. ಅದರ ದ್ವೀಪದ ನಕ್ಷೆಯನ್ನು ನಿನ್ನೆಯಷ್ಟೇ ಎ3ಗೆ ಕೊಟ್ಟು ಬಂದಿದ್ದೇನೆ.