‘ಆಫ್ರಿಕಾದ ಮರಿ’ ಅಂತ ನಂಬಿ ಉಡ ಕೊಂಡೆ, ನೀವು ಆ ತಪ್ಪು ಮಾಡಬೇಡಿ

ಮಾನಿಟರ್ ಹಲ್ಲಿ (ನಮ್ಮ ಉಡವೂ ಇದೇ ಗುಂಪಿನದು) ಸಾಕಬೇಕು, ಮೊದಲ ಸಲಕ್ಕೆ ಯಾವ ಜಾತಿ ಒಳ್ಳೆಯದು ಅಂತ ಹುಡುಕುತ್ತಿದ್ದೀರಾ? ಮಕ್ಕಳು ಹಟ ಹಿಡಿದು ಕೂತಿದ್ದಾರಾ? ದುಡ್ಡು ಕಳಿಸುವ ಮುಂಚೆ ದಯವಿಟ್ಟು ಇದನ್ನು ಓದಿ.

ನಾನು ತೀರ್ಥಹಳ್ಳಿ ಕಡೆಯವನು. ಸ್ವಲ್ಪ ಅಡಿಕೆ ತೋಟ ಇದೆ. ಮಗ ಕಳೆದ ವರ್ಷ ಪಿಯುಸಿ ಮುಗಿಸಿದ. ಚಿಕ್ಕಂದಿನಿಂದ ಅವನಿಗೆ ಹಾವು, ಓತಿಕ್ಯಾತ, ಹಾವುರಾಣಿ ಅಂದರೆ ಜೀವ. ಒಳ್ಳೆಯ ಅಂಕ ಬಂದರೆ ಮಾನಿಟರ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದೇನು, ಎಷ್ಟು ಬೆಳೆಯುತ್ತದೆ ಅಂತ ನಾನು ವಿಚಾರಿಸಲೇ ಇಲ್ಲ. ಅವನೇ ಫೋನಿನಲ್ಲಿ ಒಂದು ಜಾಹೀರಾತು ಹುಡುಕಿದ: ‘ಸವನ್ನಾ ಮಾನಿಟರ್, ಆಫ್ರಿಕಾ, ಮೊದಲ ಸಲ ಸಾಕುವವರಿಗೆ ಸೂಕ್ತ, ಪೇಪರ್ ಸಮೇತ’. ದೊಡ್ಡ ಊರಿನ ಮಾರಾಟಗಾರ. ಹದಿನೆಂಟು ಸಾವಿರ ಕೇಳಿದ, ಅಷ್ಟನ್ನೂ ಮೊದಲೇ ಕಳಿಸಿದೆ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗಿನ ಜಾವ ಬಸ್ಸಿನ ಪಾರ್ಸೆಲ್‌ನಲ್ಲಿ, ತೂತು ಹೊಡೆದ ರಟ್ಟಿನ ಡಬ್ಬಿಯಲ್ಲಿ ಮರಿ ಬಂತು. ಒಂದೂವರೆ ಗೇಣು ಉದ್ದ. ಮೈ ಮೇಲೆ ಹಳದಿ ಚುಕ್ಕೆ, ಕುತ್ತಿಗೆಯಲ್ಲಿ ಕಪ್ಪು ಪಟ್ಟೆ. ಎರಡು ಸೀಳಿನ ನಾಲಗೆ ಚಾಚಿ ಚಾಚಿ ಗಾಳಿ ಮೂಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಬಹಳ ಚೆಂದ ಕಂಡಿತು.

ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಕನ್ನಡಕ ಏರಿಸಿ ನೋಡಿದವರೇ, “ಉಡದ ಮರಿ ಅಲ್ದಾ ಮಾರಾಯ ಇದು? ಎಲ್ಲಿ ಹಿಡಿದ್ರಿ?” ಅಂದರು.

“ಅಲ್ಲ ಅಪ್ಪಯ್ಯ, ಆಫ್ರಿಕಾದ್ದು. ಪೇಪರ್ ಕೊಟ್ಟಿದಾರೆ.”

“ಪೇಪರಿಗೆ ಎಂತ ಗೊತ್ತು? ಬಾಲ ನೋಡು.”

ಎಪ್ಪತ್ತು ವರ್ಷ ತೋಟದಲ್ಲಿ ಉಡ ನೋಡಿದವರ ಮಾತು ಅದು. ನಾನು ಕೇಳಲಿಲ್ಲ. ಕೇಳಿ ಅವತ್ತೇ ವಿಚಾರಿಸಿದ್ದರೆ ಆ ಮರಿ ಬಹುಶಃ ಬದುಕುತ್ತಿತ್ತು. ಈ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸಾಕಿದ ರೀತಿಯನ್ನೂ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಹೀಗೇ ಮಾಡುತ್ತಾರೆ. ಮಾರಿದವನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಮೂರಡಿಯ ಮೀನಿನ ತೊಟ್ಟಿ, ಒಂದು ಬಲ್ಬು, ದಿನಾ ಸ್ವಲ್ಪ ಕೋಳಿ ಮಾಂಸ. ನಾವು ತೊಟ್ಟಿಯನ್ನು ಕಿಟಕಿ ಪಕ್ಕ ಇಟ್ಟು ತಳಕ್ಕೆ ನ್ಯೂಸ್ ಪೇಪರ್ ಹಾಸಿದೆವು. ಬಿಸಿಲು ಬೀಳುತ್ತಲ್ಲ, ಸಾಕು ಅಂದುಕೊಂಡೆವು. ಬಿಸಿಲಿನಲ್ಲಿರುವ ಯುವಿಬಿ ಕಿರಣ ಗಾಜು ದಾಟಿ ಬರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಆ ಕಿರಣ ಮೈಗೆ ಬಿದ್ದರೆ ಡಿ3 ವಿಟಮಿನ್ ತಯಾರಾಗುತ್ತದೆ, ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ನಾವು ಕೊಟ್ಟ ಮೂಳೆಯಿಲ್ಲದ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ರಂಜಕವೇ ಜಾಸ್ತಿ. ಕಾಡಿನಲ್ಲಿ ಉಡ ತಿನ್ನುವುದು ದುಂಬಿ, ಗೊಬ್ಬರದ ಹುಳು, ಬಸವನಹುಳು, ಏಡಿ, ಮೊಟ್ಟೆ, ಇಲಿಮರಿ. ಚಿಪ್ಪು, ಮೂಳೆ ಎಲ್ಲ ಸೇರಿಯೇ ನುಂಗುತ್ತದೆ. ನೆಲ ಕೆರೆಯುವುದು ಅದರ ಹುಟ್ಟುಗುಣ. ನಮ್ಮ ಮರಿ ಪೇಪರ್ ಮೇಲೆ ಹಗಲಿಡೀ ಪರಪರ ಕೆರೆಯುತ್ತಿತ್ತು, ಮೂತಿಯನ್ನು ಗಾಜಿಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿತ್ತು. ನಾವು ಅದನ್ನು ಆಟ ಅಂದುಕೊಂಡೆವು.

ಜೂನ್‌ನಲ್ಲಿ ಒಂದು ದಿನ ಮಗ ತೊಟ್ಟಿ ತೊಳೆಯುವಾಗ ಅದು ಹೆಬ್ಬೆರಳಿಗೆ ಬಾಯಿ ಹಾಕಿತು. ಉಡದ ಪಟ್ಟು ಅಂತಾರಲ್ಲ, ಅದನ್ನು ಅವತ್ತು ಕಣ್ಣಾರೆ ಕಂಡೆ. ಎಷ್ಟು ಹೊತ್ತಾದರೂ ಬಿಡಲಿಲ್ಲ, ಎಳೆದಷ್ಟೂ ಚರ್ಮ ಹರಿಯಿತು. ಮೂರು ಹೊಲಿಗೆ, ಟಿಟಿ ಇಂಜೆಕ್ಷನ್. ಡಾಕ್ಟರ್ ಏನು ಕಚ್ಚಿದ್ದು ಅಂತ ಕೇಳಿದಾಗ ನಾವಿಬ್ಬರೂ ಸುಳ್ಳು ಹೇಳಿದೆವು. ಮಗನೆದುರು ನಾನೇ ಸುಳ್ಳು ಹೇಳಿದ್ದು ಬೆರಳಿನ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟಿದೆ.

ಜುಲೈನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಹೇಗೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಸರೀಸೃಪಕ್ಕೆ ಮೈಕಾವು ಹೊರಗಿನಿಂದಲೇ ಬರಬೇಕು. ಕಾವಿಲ್ಲದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಎರಡನೇ ದಿನ ತಿಂದ ಮಾಂಸವನ್ನೆಲ್ಲ ನಾರುವ ಹಾಗೆ ಕಾರಿತು. ದಾರಿ ತೋಚದೆ ತೊಟ್ಟಿಯನ್ನು ಬಚ್ಚಲ ಒಲೆಯ ಹತ್ತಿರ ಇಟ್ಟೆವು. ಹೊಗೆಗೆ ಬಾಯಿ ತೆರೆದು ಉಸಿರೆಳೆಯತೊಡಗಿತು. ಕರೆಂಟ್ ಬಂದ ಮೇಲೂ ಚೇತರಿಸಿಕೊಳ್ಳಲಿಲ್ಲ. ಹಿಂಗಾಲು ಎಳೆಯಿತು, ಬೆರಳುಗಳು ನಡುಗಿದವು, ದವಡೆ ಮುಟ್ಟಿದರೆ ರಬ್ಬರಿನ ಹಾಗೆ ಮೆತ್ತಗಾಗಿತ್ತು.

ಟವೆಲ್ಲಿನಲ್ಲಿ ಸುತ್ತಿ ಶಿವಮೊಗ್ಗಕ್ಕೆ ಒಯ್ದೆವು. ಅಲ್ಲಿನ ಒಬ್ಬ ಪಶುವೈದ್ಯರು ಟವೆಲ್ ಬಿಚ್ಚಿದವರೇ ಅರ್ಧ ನಿಮಿಷ ಮಾತಾಡಲಿಲ್ಲ. ಆಮೇಲೆ, “ಇದು ಸವನ್ನಾ ಅಲ್ಲ, ನಮ್ಮ ಉಡ. ಸವನ್ನಾದ ಮೈ ದಪ್ಪ, ತಲೆ ಮೊಂಡು, ಬಾಲ ಗಿಡ್ಡ. ಇದರ ಬಾಲ ಮೈಗಿಂತ ಉದ್ದ ಇದೆ, ನೋಡಿ. ಯಾರೋ ಕಾಡಿನಿಂದ ಹಿಡಿದು ಮಾರಿದ್ದಾರೆ” ಅಂದರು. ಅಪ್ಪಯ್ಯ ಮೊದಲ ದಿನವೇ ಹೇಳಿದ ಮಾತು.

ಈಗ ಕಾನೂನಿನ ವಿಷಯ. ಇಲ್ಲಿ ಯಾರ ಮಾತಿಗೂ ಮರುಳಾಗಬೇಡಿ. ನಮ್ಮ ದೇಶದ ನಾಲ್ಕು ಜಾತಿಯ ಉಡಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಶೆಡ್ಯೂಲ್‌ನಲ್ಲಿವೆ, ಅಂದರೆ ಹುಲಿ, ಆನೆಯ ಸಾಲಿನಲ್ಲಿ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಒಂದನೇ ಶೆಡ್ಯೂಲ್ ಪ್ರಾಣಿಯ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ‘ನನಗೆ ಗೊತ್ತಿರಲಿಲ್ಲ’ ಅಂದರೆ ಬಿಡುವುದಿಲ್ಲ.

ನನಗೆ ಕೊಟ್ಟ ‘ಪೇಪರ್’ ಏನು ಗೊತ್ತಾ? 2020ರಲ್ಲಿ ಕೇಂದ್ರ ಸರ್ಕಾರ ವಿದೇಶಿ ಪ್ರಾಣಿ ಸಾಕಿದವರು ಸ್ವಯಂ ಘೋಷಣೆ ಮಾಡಿಕೊಳ್ಳಲಿ ಅಂತ ಒಂದು ಸೂಚನೆ ಹೊರಡಿಸಿತ್ತು. ಅದರ ಗಡುವು ಯಾವತ್ತೋ ಮುಗಿದಿದೆ. ಯಾರದೋ ಹೆಸರಿನ ಆ ಹಳೆಯ ಅರ್ಜಿಯ ಜೆರಾಕ್ಸ್ ನನ್ನ ಕೈಗೆ ಬಂದಿತ್ತು. ಈಗ ಇರುವುದು 2024ರ ನಿಯಮ. ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ನಲ್ಲಿರುವ ವಿದೇಶಿ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ನಮ್ಮ ಉಡಕ್ಕೆ ಇಂಥ ನೋಂದಣಿಯೇ ಇಲ್ಲ, ಯಾವ ಪೇಪರೂ ಅದನ್ನು ಸಾಕುಪ್ರಾಣಿ ಮಾಡುವುದಿಲ್ಲ.

ಹಾಗಾದರೆ ನಿಜವಾದ ಸವನ್ನಾ ಸಿಕ್ಕರೆ ಸಾಕಬಹುದಲ್ಲ ಅಂತ ಕೆಲವರು ಕೇಳಿದ್ದಾರೆ. ನೋಂದಣಿ ಸರಿಯಿದ್ದರೂ ಬೇಡ ಅಂತಲೇ ನಾನು ಹೇಳುತ್ತೇನೆ. ಅದು ಮೂರು ನಾಲ್ಕು ಅಡಿ ಬೆಳೆಯುತ್ತದೆ. ಮೈ ಕಾಯಿಸುವ ಜಾಗ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಇರಬೇಕು, ಬಿಲ ತೋಡಲು ಆಳವಾದ ಮಣ್ಣು ಬೇಕು, ಒಂದು ಕೋಣೆಯಷ್ಟು ಜಾಗ ಬೇಕು. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ, ಕರೆಂಟ್ ನೆಚ್ಚಿಕೊಳ್ಳಲಾಗದ ನಮ್ಮ ಮನೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ? ಆ ಮೂರು ದಿನ ನಮ್ಮ ಮನೆಯಲ್ಲಿ ಆದದ್ದೇ ನಿಮ್ಮಲ್ಲೂ ಆಗುತ್ತದೆ.

ಡಾಕ್ಟರ್ ಹತ್ತಿರದಿಂದ ವಾಪಸು ಬರುವಾಗ ಗೆಳೆಯನೊಬ್ಬ ಫೋನ್ ಮಾಡಿ, ರಾತ್ರಿ ತೋಟದಲ್ಲಿ ಬಿಟ್ಟುಬಿಡು, ಯಾರಿಗೂ ಗೊತ್ತಾಗಲ್ಲ ಅಂದ. ನಡೆಯಲಾರದ ಪ್ರಾಣಿಯನ್ನು ಬಿಟ್ಟರೆ ಬೆಳಗಾಗುವುದರೊಳಗೆ ನಾಯಿಯ ಬಾಯಿಗೆ. ಎಲ್ಲಿಂದ ಹಿಡಿದು ತಂದದ್ದೋ, ಯಾವ ರೋಗ ಹೊತ್ತಿದೆಯೋ, ನಮ್ಮ ತೋಟದ ಉಡಗಳ ಗತಿ ಏನು? ಮಗ, “ಬೇಡ ಅಪ್ಪ, ಹೋಗಿ ಹೇಳೋಣ” ಅಂದ. ವಕೀಲರೊಬ್ಬರನ್ನು ಕರೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋದೆವು. ಮರಿಯನ್ನು ಒಪ್ಪಿಸಿ, ದುಡ್ಡು ಕಳಿಸಿದ ದಾಖಲೆ, ಮಾರಿದವನ ನಂಬರು, ಮಾತುಕತೆಯ ಸ್ಕ್ರೀನ್‌ಶಾಟ್ ಎಲ್ಲ ಕೊಟ್ಟು ಹೇಳಿಕೆ ಬರೆದುಕೊಟ್ಟೆವು. ಮುಂದಿನದು ವಿಚಾರಣೆಯಲ್ಲಿದೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮರಿ ಐದನೇ ದಿನ ಸತ್ತಿತು ಅಂತ ಫೋನ್ ಬಂತು. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಹತ್ತಿರ ಈಗಾಗಲೇ ಇಂಥ ಮರಿ ಇದ್ದರೆ ಕಾಯಬೇಡಿ. ಕಾಡಿಗೆ ಬಿಡಬೇಡಿ, ಇನ್ನೊಬ್ಬರಿಗೆ ದಾಟಿಸಬೇಡಿ. ವಕೀಲರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ. ಫೋನಿನಲ್ಲಿರುವ ಮಾತುಕತೆ ಅಳಿಸಬೇಡಿ, ಮಾರಿದವನ ಜಾಡು ಹಿಡಿಯಲು ಉಳಿಯುವ ದಾರಿ ಅದೊಂದೇ.

ಹೋದ ವಾರ ಮಗ ಫೋನ್ ತಂದು ತೋರಿಸಿದ. ಅದೇ ಜಾಹೀರಾತು, ಬೇರೆ ನಂಬರು, ಬೆಲೆ ಇಪ್ಪತ್ತೆರಡು ಸಾವಿರ. ‘ಮೊದಲ ಸಲ ಸಾಕುವವರಿಗೆ ಸೂಕ್ತ’ ಅಂತ ಈಗಲೂ ಬರೆದಿದೆ. ಚಿತ್ರದಲ್ಲಿರುವ ಮರಿಗೆ ಹಳದಿ ಚುಕ್ಕೆ, ಕುತ್ತಿಗೆಯಲ್ಲಿ ಕಪ್ಪು ಪಟ್ಟೆ, ಮೈಗಿಂತ ಉದ್ದದ ಬಾಲ.