ಕುಲುಮೆಯಲ್ಲಿ ಮಾಡಿಸಿದ ಅಡುಗೆ ಚಾಕು: ನಾಲ್ಕು ವರ್ಷ ಬಳಸಿದ ಮೇಲೆ

ಈ ಚಾಕು ನಮ್ಮ ಅಡುಗೆಮನೆಗೆ ಬಂದು ನಾಲ್ಕು ವರ್ಷ ದಾಟಿತು. ಹೊಸದರಲ್ಲೇ ಬರೆದಿದ್ದರೆ ಅಲಗಿನ ಹೊಳಪು, ಹಿಡಿಯ ಚೆಲುವು ಅಂತ ಹೊಗಳಿ ಮುಗಿಸುತ್ತಿದ್ದೆ. ಈಗ ಹೊಳಪಿಲ್ಲ, ಹಿಡಿಯೂ ಕಪ್ಪಿಗೆ ತಿರುಗಿದೆ. ಆದರೂ ಬೆಳಿಗ್ಗೆ ಮೊದಲು ಕೈ ಹೋಗುವುದು ಇದಕ್ಕೇ.

ಬೆಂಗಳೂರಿನ ಮಾಗಡಿ ರಸ್ತೆಯಾಚೆಗಿನ ಒಂದು ಸಣ್ಣ ಕುಲುಮೆಯಲ್ಲಿ ಮಾಡಿಸಿದ್ದು. ಹೆಸರು ಹಾಕುತ್ತಿಲ್ಲ. "ಇರೋ ಆರ್ಡರ್ ಮುಗಿಸೋಕೇ ಆಗ್ತಿಲ್ಲ, ಇನ್ನು ಜನ ಕಳಿಸ್ಬೇಡಿ ಸಾರ್" ಅಂತ ಅವರೇ ಕೈಮುಗಿದಿದ್ದಾರೆ. ಬೇರೆ ಯಾರ ಬಳಿ ಮಾಡಿಸಿದರೂ ಕೇಳಿ ತಿಳಿಯಬೇಕಾದ ವಿಚಾರಗಳು ಮುಂದಿವೆ.

ಅಲಗು 8 ಇಂಚು. ಬೆನ್ನು ಹಿಡಿಯ ಹತ್ತಿರ 2.5 ಮಿ.ಮೀ. ದಪ್ಪ, ತುದಿಗೆ ಹೋಗುತ್ತಾ ತೆಳುವಾಗುತ್ತದೆ. ಹಿಡಿ ಹುಣಸೆ ಮರದ್ದು, ಹಿತ್ತಾಳೆಯ ಮೊಳೆ. ಆಗ ಕೊಟ್ಟದ್ದು 7,000 ರೂಪಾಯಿ ಆಸುಪಾಸು. (9 ಇಂಚಿಗಿಂತ ಉದ್ದವಾದರೆ ಲೈಸೆನ್ಸ್ ಬೇಕಾ ಎಂದು ಕೇಳುವವರಿಗೆ: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆ ಅಳತೆ ಇದೆ ನಿಜ, ಆದರೆ ಮನೆಬಳಕೆಗೆ, ಕೃಷಿಗೆ ಎಂದು ಮಾಡಿದವಕ್ಕೆ ಅದು ಅನ್ವಯಿಸುವುದಿಲ್ಲ.)

ಮೊದಲು ಉಕ್ಕಿನ ಮಾತು. ಊರ ಕಡೆ ಮಚ್ಚು, ಕುಡುಗೋಲಿಗೆ ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯನ್ನೇ ಕಾಯಿಸಿ ಬಡಿಯುತ್ತಾರೆ, ಅದು ಗಟ್ಟಿಮುಟ್ಟೂ ಹೌದು. ಆದರೆ ವರ್ಷಗಟ್ಟಲೆ ಕುಲುಕಾಡಿದ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು, ಯಾವ ಉಕ್ಕು ಎಂಬುದಕ್ಕೂ ಖಾತ್ರಿಯಿಲ್ಲ. ನನ್ನ ಚಾಕು ಹೊಸ ಇಎನ್31 ಸರಳಿನಿಂದ ಆದದ್ದು. ಬೇರಿಂಗ್ ಮಾಡುವ ಉಕ್ಕು ಇದು. ಶೇಕಡಾ 1ರಷ್ಟು ಇಂಗಾಲ, ಸುಮಾರು 1.5 ಕ್ರೋಮಿಯಂ. ಡಮಾಸ್ಕಸ್ ಮಾಡಿಕೊಡಲೇ ಎಂದೂ ಕೇಳಿದ್ದರು, ಅದಕ್ಕೆ ದುಪ್ಪಟ್ಟು ದುಡ್ಡು. ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಆಮ್ಲದಲ್ಲಿ ಅದ್ದಿದರೆ ಒಂದು ಕಪ್ಪಾಗುತ್ತದೆ, ನಿಕ್ಕಲ್ ಇರುವುದು ಬೆಳ್ಳಗೆ ಉಳಿಯುತ್ತದೆ, ಅಲೆ ಅಲೆ ಚಿತ್ತಾರ ಬರುತ್ತದೆ. ನೋಡಲು ಬಲು ಚೆಂದ. ಈರುಳ್ಳಿಗೆ ಅದರಿಂದ ಏನೂ ವ್ಯತ್ಯಾಸವಾಗದು.

ವ್ಯತ್ಯಾಸವಾಗುವುದು ಹದದಿಂದ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಬೇಕಾದಷ್ಟು ಗಡುಸಿಗೆ ತರುವುದರಿಂದ. ಇಲ್ಲಿ ಒಂದು ವಿಚಾರ ಕೆಲವರಿಗೆ ರುಚಿಸದೆ ಹೋಗಬಹುದು: ಈ 'ಕೈಕೆಲಸದ' ಚಾಕುವಿನ ಅತಿ ಮುಖ್ಯ ಕೆಲಸ ನಡೆದದ್ದು ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ, ವಿದ್ಯುತ್ ಕುಲುಮೆಯಲ್ಲಿ. ಸುತ್ತಿಗೆ ಕೆಲಸ, ಉಜ್ಜುವುದು, ಹಿಡಿ ಕೂರಿಸುವುದು ಎಲ್ಲ ಅವರ ಕೈಯದೇ. ಹದಕ್ಕೆ ಮಾತ್ರ ಅಲಗುಗಳನ್ನು ಕಟ್ಟಿ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕಳಿಸುತ್ತಾರೆ. ಕಾರಣ ಕೇಳಿದಾಗ ಬಿಡಿಸಿ ಹೇಳಿದರು. ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಅಂಟುವುದು 770 ಡಿಗ್ರಿಯ ಹೊತ್ತಿಗೆ ನಿಲ್ಲುತ್ತದೆ. ಸಾದಾ ಉಕ್ಕಾದರೆ ಅದನ್ನೇ ಗುರುತಿಟ್ಟುಕೊಂಡು ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಿದರೆ ನಡೆಯುತ್ತದೆ. ಇಎನ್31ಕ್ಕೆ 820ರಿಂದ 850 ಡಿಗ್ರಿ ಬೇಕು, ಅಷ್ಟೇ ಶಾಖದಲ್ಲಿ ಒಂದಿಷ್ಟು ಹೊತ್ತು ನಿಲ್ಲಲೂ ಬೇಕು. ಬಣ್ಣ ನೋಡಿ ಅಂದಾಜು ಮಾಡುವ ಕಣ್ಣು ಎಷ್ಟೇ ಪಳಗಿದ್ದರೂ ಇದು ಕಷ್ಟ. ಎಣ್ಣೆಯಿಂದ ತೆಗೆದಾಗ ಅಲಗು ಕೆಳಗೆ ಬಿದ್ದರೆ ಗಾಜಿನ ಹಾಗೆ ಒಡೆಯುವಷ್ಟು ಗಡುಸು. ಮತ್ತೆ 200 ಡಿಗ್ರಿ ಸುತ್ತಮುತ್ತ ಎರಡೆರಡು ಗಂಟೆ, ಎರಡು ಸಲ ಕಾಯಿಸಿ ಆ ಗಡಸುತನವನ್ನು ಹತೋಟಿಗೆ ತರುತ್ತಾರೆ. ನನ್ನದು 60 ರಾಕ್‌ವೆಲ್‌ಗೆ (ಗಡಸುತನದ ಅಳತೆ ಇದು) ನಿಂತಿತ್ತು, ಅಲ್ಲೇ ಅಳೆದ ಚೀಟಿಯನ್ನೂ ಕೊಟ್ಟರು. ನೀವು ಮಾಡಿಸುವುದಾದರೆ ಮರದ ಬಗ್ಗೆ ಮಾತು ಶುರುಮಾಡುವ ಮೊದಲು ಈ ಚೀಟಿಯ ವಿಚಾರ ಕೇಳಿ. "ಹದ ಎಲ್ಲ ನಮ್ಮ ತಾತನ ಕಾಲದ ಗುಟ್ಟು" ಎನ್ನುವವರಿಂದ ದೂರ ಇರಿ ಅಂತಲೇ ನನ್ನ ಸಲಹೆ.

ಇನ್ನು ಬಳಕೆ. ಅಂಗಡಿಯ ದಪ್ಪ ಚಾಕು ಕ್ಯಾರೆಟ್ಟನ್ನು ಕತ್ತರಿಸುವುದಿಲ್ಲ, ಅರ್ಧಕ್ಕೆ ಹೋಗಿ ಟಪ್ಪೆಂದು ಸೀಳುತ್ತದೆ. ಇದು ತಳದವರೆಗೂ ಸದ್ದಿಲ್ಲದೆ ಇಳಿಯುತ್ತದೆ. ಹುರುಳಿಕಾಯಿ ಪಲ್ಯಕ್ಕೆ, ಕೋಸಂಬರಿಯ ಸೌತೆಕಾಯಿಗೆ, ಸಣ್ಣಗೆ ಹೆಚ್ಚುವ ಎಲೆಕೋಸಿಗೆ ಇದನ್ನು ಮೀರಿಸುವುದು ನಮ್ಮ ಮನೆಯಲ್ಲಿಲ್ಲ. ಅಮ್ಮ ಮಾತ್ರ ಒಪ್ಪುವುದಿಲ್ಲ; ಅವರಿಗೆ ಈಳಿಗೆಮಣೆಯೇ ಸೈ, ತೆಂಗಿನಕಾಯಿ ತುರಿಯಬೇಕಾದರೂ ಅದೇ, ಬೂದುಗುಂಬಳ ಸೀಳಬೇಕಾದರೂ ಅದೇ. ಗಟ್ಟಿ ಕೆಲಸದಲ್ಲಿ ಅವರ ಮಾತೇ ಸರಿ. ಇಷ್ಟು ಗಡುಸಾದ, ಇಷ್ಟು ತೆಳುವಾದ ಅಲಗಿನ ಬಾಯಿ, ಮೂಳೆ, ಕರಟ, ಮಾವಿನ ವಾಟೆಗೆ ತಾಗಿದರೆ ಮುಕ್ಕಾಗುತ್ತದೆ. ಮನೆಗೆ ಬಂದ ನೆಂಟರೊಬ್ಬರು ಉಪ್ಪಿನಕಾಯಿಗೆಂದು ಇದರಲ್ಲೇ ಮಾವಿನಕಾಯಿ ಕೊಚ್ಚಿದರು, ಸಾಸಿವೆ ಕಾಳಿನಷ್ಟು ಚೂರು ಹಾರಿಹೋಯಿತು. ಕುಲುಮೆಯವರು ಉಜ್ಜಿ ಸರಿಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ತುಕ್ಕು ಹಿಡಿಯುತ್ತದೆಯೇ? ಹಿಡಿಯುತ್ತದೆ. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ 10.5 ಶೇಕಡಾ ಇರಬೇಕು, ಇದರಲ್ಲಿ ಎಲ್ಲಿದೆ? ಮೊದಲ ಕೆಲವು ವಾರ ಈರುಳ್ಳಿಗೆ ಕಬ್ಬಿಣದ ವಾಸನೆ ಬರುತ್ತಿತ್ತು, ಬಾಳೆಕಾಯಿ ಹೆಚ್ಚಿದರೆ ಹೋಳು ಕಪ್ಪಾಗುತ್ತಿತ್ತು. ಬರಬರುತ್ತಾ ಅಲಗಿನ ಮೇಲೆ ಬೂದು-ನೀಲಿ ಪದರ ಕೂತಿತು, ವಾಸನೆ ಹೋಯಿತು. ಟೊಮೆಟೊ, ನಿಂಬೆ ಹೆಚ್ಚಿದ ಮೇಲೆ ತೊಳೆದು ತಕ್ಷಣ ಒರೆಸಬೇಕು, ಇಷ್ಟೇ ಆರೈಕೆ. ಸಿಂಕಿನಲ್ಲಿ ಬಿಟ್ಟರೆ ಸಂಜೆಗೆ ಕಂದು ಚುಕ್ಕೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಬೇರೆ. ಅಡುಗೆಗೆ ಬರುವ ಅಕ್ಕ ಮೊದಲ ದಿನವೇ "ಇದರ ಸೇವೆ ನನ್ನಿಂದಾಗಲ್ಲ" ಎಂದು ಪಕ್ಕಕ್ಕಿಟ್ಟು ತಮ್ಮ ಸ್ಟೀಲ್ ಚಾಕು ತೆಗೆದುಕೊಂಡರು. ಹಲವು ಕೈ ಆಡುವ ಅಡುಗೆಮನೆಗೆ ಇದು ಹೇಳಿಸಿದ್ದಲ್ಲ.

ಹಿಡಿಗೆ ಹೊನ್ನೆ, ಬೀಟೆ, ಹುಣಸೆ ತೋರಿಸಿದ್ದರು. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತದೆ, ಅದರ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಇದು ಗೊತ್ತು. ಹುಣಸೆಯ ತಾಕತ್ತು ತಿಳಿಯಬೇಕಾದರೆ ಮಟನ್ ಅಂಗಡಿಯ ಕೊರಡು ನೋಡಿದರೆ ಸಾಕು. ಆದರೂ ಮರ ಮರವೇ. ಫೆಬ್ರವರಿ-ಮಾರ್ಚಿನ ಒಣಹವೆಗೆ ಅಡ್ಡಕ್ಕೆ ಕುಗ್ಗುತ್ತದೆ, ನಡುವಿನ ಉಕ್ಕಿನ ಪಟ್ಟಿ ಕೂದಲೆಳೆಯಷ್ಟು ಎದ್ದು ಬೆರಳಿಗೆ ಸಿಗುತ್ತದೆ. ಮಳೆಗಾಲಕ್ಕೆ ಮತ್ತೆ ಸಮ. ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಸವರುತ್ತೇನೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು, ಹರವಿ ಒಣಗಿಸಿ.

ಸಾಣೆ ಹಿಡಿಸುವುದು ಮಾತ್ರ ಎಚ್ಚರಿಕೆಯ ಕೆಲಸ. ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆಯವರ ಕೈಗೆ ಇದನ್ನು ಕೊಡಬೇಡಿ. ಅವರ ಕೈಚಳಕದ ಬಗ್ಗೆ ತಕರಾರಿಲ್ಲ, ಒಣಕಲ್ಲಿನ ಬಿಸಿಯದ್ದೇ ತೊಂದರೆ. ಬಾಯಿಯ ಅಂಚು ನೀಲಿಗೆ ತಿರುಗಿದರೆ ಶಾಖ 300 ಡಿಗ್ರಿ ಮುಟ್ಟಿದೆ ಎಂದರ್ಥ. ಪೀಣ್ಯದಲ್ಲಿ 200ಕ್ಕೆ ನಿಲ್ಲಿಸಿದ್ದ ಹದ ಅಲ್ಲಿಗೆ ಕೆಟ್ಟಿತು. ನೀರು ಹಾಕಿ ಉಜ್ಜುವ 1000 ನಂಬರಿನ ಕಲ್ಲು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಅದರ ಮೇಲೆ ಎಳೆದರೆ ಸಾಕು, ನಡುವೆ ಮೊಂಡಾದಂತೆ ಕಂಡರೆ ಪಿಂಗಾಣಿ ಬಟ್ಟಲಿನ ತಳಕ್ಕೆ ನಾಲ್ಕು ಸಲ. ಸವೆದಂತೆ ಬಾಯಿಯ ಹಿಂಭಾಗ ದಪ್ಪವಾಗುತ್ತಾ ಬರುತ್ತದೆ, ಮೂರನೇ ವರ್ಷದಲ್ಲಿ ಕ್ಯಾರೆಟ್ ಮತ್ತೆ ಸೀಳತೊಡಗಿತು. ಕುಲುಮೆಗೆ ಕೊಟ್ಟು ಬದಿಗಳನ್ನು ತೆಳ್ಳಗೆ ಮಾಡಿಸಿದ ಮೇಲೆ ಹಳೆಯ ಕೆಲಸ ಮರಳಿತು.

ಸೇವೆಗೆ ಅರ್ಧ ಅಂಕ ಕಡಿಮೆ. ಒಂದು ತಿಂಗಳು ಎಂದವರು ದಸರಾ ದಾಟಿಸಿ ದೀಪಾವಳಿಗೆ ಕೊಟ್ಟರು, ಫೋನ್ ಎತ್ತುವ ಅಭ್ಯಾಸವೂ ಅವರಿಗಿಲ್ಲ. ಹೋದ ವರ್ಷ ತಂಗಿಗೊಂದು ಮಾಡಿಸಿದೆ. ಅವಳ ಮನೆ ಉಡುಪಿಯಲ್ಲಿ, ಕಡಲ ಗಾಳಿಯ ಹತ್ತಿರ. ಹಾಗಾಗಿ ಆರು ಇಂಚಿನ ಅಲಗು, ಉಕ್ಕು ಸ್ಟೇನ್‌ಲೆಸ್, ಹಿಡಿ ಅದೇ ಹುಣಸೆ. ಹದದ ಚೀಟಿ ಈ ಸಲ ಕೇಳದೇ ಕೊಟ್ಟರು.